ಐದನೆಯ ಕಲ್ಲಿನ ವಯಸ್ಸು

ಹಿಮನದಿ ಹಿಂದೆ ಸರಿಯುವಾಗ ಒಟ್ಟಿ ಹೋಗುವ ಕಲ್ಲುರಾಶಿಗೆ ಮೊರೇನ್ ಎನ್ನುತ್ತಾರೆ. ಹಿಮ ಕರಗಿ ಕಲ್ಲಿನ ನೆತ್ತಿ ಬಯಲಾದಂದಿನಿಂದ ಆಕಾಶದ ಕಿರಣಗಳು ಬಡಿದು ಅದರೊಳಗೆ ಒಂದು ಬಗೆಯ ಬೆರಿಲಿಯಂ ಕೂಡುತ್ತ ಹೋಗುತ್ತದೆ. ಅದನ್ನು ಅಳೆದರೆ ರಾಶಿಯ ವಯಸ್ಸು ಸಿಗುತ್ತದೆ. ಉತ್ತರ ಧ್ರುವದ ಕಡೆಯ ಕಣಿವೆಗಳಿಂದ ಬಂದ ಇಂಥ ಕಲ್ಲುಗಳನ್ನು ಟೊರಾಂಟೊದ ಒಂದು ಲ್ಯಾಬಿನಲ್ಲಿ ಪುಡಿ ಮಾಡಿ ಆಸಿಡ್ಡಿನಲ್ಲಿ ತೊಳೆಯುವುದು ಆರು ವರ್ಷಗಳಿಂದ ನನ್ನ ಕೆಲಸ. ಕಣಿವೆಯನ್ನು ಮಾತ್ರ ನಾನು ಕಂಡಿಲ್ಲ.

“ಕಲ್ಲ ಕುಟ್ಟಾಕ ಹುಬ್ಬಳ್ಳಿಂದ ಇಲ್ಲೀತನಕ ಬರಬೇಕಿತ್ತೇನ?” ಎಂದು ಟೊರಾಂಟೊ ಪಕ್ಕದ ಪಿಕರಿಂಗ್‌ನ ನಮ್ಮ ಮನೆಯಲ್ಲಿ ಗಂಡ ನಗುತ್ತಿದ್ದ. ಮುಂದಿನ ಬೇಸಿಗೆಗೆ ನಿನ್ನನ್ನೂ ಕಣಿವೆಗೆ ಕರೆದೊಯ್ಯುತ್ತೇನೆ ಎಂದು ಲ್ಯಾಬಿನ ಮುಖ್ಯಸ್ಥರಾದ ಪ್ರೊಫೆಸರು ಹೇಳಿದ ಮೇಲೆ ಅವನ ತಮಾಷೆ ನಿಂತಿತು. ನಾನು ಬೂಟು ಕೂಡ ಕೊಂಡೆ.

ಆ ಸಲ ಒಂದೇ ರಾಶಿಯ ಐದು ಬಂಡೆಗಳ ನೆತ್ತಿಯಿಂದ ಒಡೆದ ಚಕ್ಕೆಗಳು ಬಂದವು. ನಾಲ್ಕರ ಮೇಲೆ, ನಾವು ಮಸಾಲೆಗೆ ಹುರಿಯುವ ಕಲ್ಲುಹೂವಿನಂಥದ್ದೇ ಕಪ್ಪು ಪಾಚಿ ಅಂಟಿತ್ತು. ಐದನೆಯದು ಬೋಳು, ಸಂದಿಗಳಲ್ಲಿ ಜೇಡಿಮಣ್ಣು. ಈ ಮೈ ನೆಲದಲ್ಲಿ ಹೂತಿತ್ತು, ಬಂಡೆ ಈಚೆಗೆ ಮಗುಚಿದೆ ಎಂದೆ. ಜಾಗ ಕಂಡವರು ನಾವು, ಅದನ್ನು ನಮಗೆ ಬಿಡು ಎಂದರು ಪ್ರೊಫೆಸರು.

ಮುಂದೆ ಮತ್ತೆ ನೋಡಬೇಕಾದೀತೆಂದು ಪ್ರತಿ ಚಕ್ಕೆಯಿಂದ ಒಂದು ಮುಷ್ಟಿಯಷ್ಟು ತುಂಡು ತೆಗೆದಿಡುವುದು ಲ್ಯಾಬಿನ ಪದ್ಧತಿ. ಐದನೆಯದರಲ್ಲಿ ಬೆರಿಲಿಯಂ ಅಳೆಯಲು ಬೇಕಾದ ಬಿಳಿ ಬೆಣಚುಕಲ್ಲಿನ ಅಂಶ ತೀರ ಕಡಿಮೆ ಇತ್ತು. ಪಾತ್ರೆಯ ತಳ ಕೆರೆದು ಉಂಡು ಬೆಳೆದವಳು ನಾನು. ಪೂರ್ತಿ ಪುಡಿ ಮಾಡಿಬಿಟ್ಟೆ.

ನಾಲ್ಕು ಕಲ್ಲುಗಳ ವಯಸ್ಸು ಹೊಂದಿಕೊಂಡಿತು. ಐದನೆಯದು ಅವುಗಳ ಮುಂದೆ ಎಳೆಗೂಸು. ತೊಳೆಯುವಾಗ ನೀನೇ ಚೆಲ್ಲಿದ್ದೀಯ ಎಂದರು ಪ್ರೊಫೆಸರು. ಮಣ್ಣು ಮೆತ್ತಿದ ಆ ಮೈಯನ್ನು ತೋರಿಸೋಣವೆಂದರೆ ನನ್ನ ಬಳಿ ಚೂರೂ ಉಳಿದಿರಲಿಲ್ಲ.

“ಮತ್ತ ನೀ ಸುಮ್ಮನ ಬಂದಿ?” ಎಂದ ಗಂಡ. ಹೌದು, ಸುಮ್ಮನೆ ಬಂದೆ. ನನ್ನ ಮೇಲೆಯೇ ನನಗೆ ಉರಿಯಿತು.

ಬೇಸಿಗೆಗೆ ಪ್ರೊಫೆಸರ ಜೊತೆ ನನ್ನ ಬದಲು ಬೇರೆಯವರು ಹೋದರು. ವಾಪಸು ಬಂದ ಪ್ರೊಫೆಸರು ಕಾರಿಡಾರಿನಲ್ಲಿ ಕಾಫಿ ಹಿಡಿದು ನಿಂತೇ ಹೇಳಿದರು: ಬಂಡೆ ನಿಜವಾಗಿಯೂ ಮಗುಚಿದೆ, ಪಾಚಿ ಹಿಡಿದ ಮೈ ಅಡಿಯಲ್ಲಿದೆ. ಒಳ್ಳೆಯ ಕಣ್ಣು ನಿನ್ನದು ಎಂದು ಭುಜ ತಟ್ಟಿದರು.

ಅಷ್ಟರಲ್ಲಿ ಈ ಕಲ್ಲುಗಳ ಮೇಲಿನ ಅವರ ಪ್ರಬಂಧ ಅಚ್ಚಾಗಿತ್ತು. ಐದನೆಯ ಕಲ್ಲನ್ನು ಲ್ಯಾಬಿನ ತಪ್ಪಿನಿಂದಾಗಿ ಕೈಬಿಡಲಾಗಿದೆ ಎಂದು ಅದರಲ್ಲಿದೆ. ತಿದ್ದುಪಡಿ ಕೇಳಿದೆ. ಅಷ್ಟು ಸಣ್ಣ ವಿಷಯಕ್ಕೆ ಯಾರು ಬರೆಯುತ್ತಾರೆ ಎಂದರು. ಆ ಲ್ಯಾಬಿನಲ್ಲಿ ಕಲ್ಲು ತೊಳೆಯುವವಳು ನಾನೊಬ್ಬಳೇ.