ಸೋತವರ ಮನೆಗೊಂದು ಸ್ಟೀಲ್ ಡಬ್ಬಿ

ಸೋತವರ ಮನೆಗೆ ಬರುವ ಜನ ಚಪ್ಪಲಿ ಬಿಡುವ ರೀತಿಯೇ ಬೇರೆ. ಗೆದ್ದವರ ಬಾಗಿಲಲ್ಲಿ ಅವನ್ನು ಎಲ್ಲೆಂದರಲ್ಲಿ ಕಳಚಿ ಒಳನುಗ್ಗುವ ಅದೇ ಮಹನೀಯರು, ಸೋತವರ ಹೊಸ್ತಿಲಲ್ಲಿ ಜೋಡಿಯಾಗಿ, ಸದ್ದಿಲ್ಲದೆ, ಗೋಡೆಗೆ ಒತ್ತರಿಸಿ ಇಡುತ್ತಾರೆ. ಆಮೇಲೆ ಕಾಫಿಗೆ ಸಕ್ಕರೆ ಕಡಿಮೆಯಾದರೂ ಬಾಯಿ ಬಿಡುವುದಿಲ್ಲ. ನೈರೋಬಿಯ ಲಂಗಾಟಾ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಈ ವರ್ಷ ಇಂಥ ವಿನೀತ ಪಾದರಕ್ಷೆಗಳನ್ನು ನೋಡಿ ನೋಡಿ ನನಗೆ ಸಾಕಾಗಿಹೋಗಿದೆ. ಒಂದೊಂದನ್ನೂ ಬಾಲ್ಕನಿಯಿಂದ ಕೆಳಗೆಸೆಯಬೇಕು ಎನ್ನಿಸುವಷ್ಟು ಸಿಟ್ಟು ಬರುತ್ತದೆ. ಎಸೆದಿಲ್ಲ, ಸುಸಂಸ್ಕೃತ ಗೃಹಿಣಿ ಎಂಬ ಬಿರುದೊಂದು ಬೇರೆ ಅಂಟಿಕೊಂಡಿದೆಯಲ್ಲ.

ಸಂಗತಿ ಇಷ್ಟು. ನನ್ನ ಮಗ ಅನಿರುದ್ಧ ಇಲ್ಲಿನ ಒಂದು ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿದ್ದಾನೆ, ಮತ್ತು ಆ ತಂಡ ಈ ಋತುವಿನಲ್ಲಿ ಆಡಿದ ಪಂದ್ಯಗಳನ್ನೆಲ್ಲ ಸೋತಿದೆ. ನೈರೋಬಿಯಲ್ಲಿ ಅಮೆರಿಕನ್ ಫುಟ್‌ಬಾಲೇ ಎಂದು ನೀವು ಹುಬ್ಬೇರಿಸಬಹುದು. ನಾನೂ ಏರಿಸಿದ್ದೆ, ಅದಿನ್ನೂ ಪೂರ್ತಿ ಕೆಳಗಿಳಿದಿಲ್ಲ. ಯಾರೋ ಬಳಸಿ ಬಿಟ್ಟ ಹೆಲ್ಮೆಟ್ಟುಗಳು, ರಗ್ಬಿಯವರು ದೊಡ್ಡ ಮನಸ್ಸು ಮಾಡಿದಾಗ ಸಿಗುವ ಮೈದಾನ, ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನಿನ ಸೀಟಿನಡಿ ತುರುಕಿ ಸಾಗಿಸುವ ಭುಜಕವಚಗಳು, ಇಷ್ಟೇ ಬಂಡವಾಳ. ಅನಿರುದ್ಧ ಅದರಲ್ಲಿ ‘ಸೆಂಟರ್’. ಅಂದರೆ, ಬಗ್ಗಿ ನಿಂತು ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಿನವನಿಗೆ ದಾಟಿಸಿ, ಆ ಹಿಂದಿನವನ ಮೇಲೆ ಎದುರಾಳಿಗಳು ಮುಗಿಬೀಳದಂತೆ ತನ್ನ ದೇಹವನ್ನೇ ಕೋಟೆಬಾಗಿಲಾಗಿಸಿ ನಿಲ್ಲುವವನು. ಚಿಕ್ಕಂದಿನಿಂದಲೂ ಅವನ ಗಾತ್ರದ ವಿಷಯದಲ್ಲಿ ನಮ್ಮ ಬಂಧುಬಳಗ ಮಾಡದ ಪರಿಹಾಸ್ಯವಿಲ್ಲ, ಹೇಳದ ಪಥ್ಯವಿಲ್ಲ. ಆ ಗಾತ್ರವನ್ನು ಕಂಡು, ಇಂಥವನೇ ನಮಗೆ ಬೇಕಾಗಿತ್ತು ಎಂದು ಬೆನ್ನು ತಟ್ಟಿದ ಮೊದಲ ಮನುಷ್ಯ ಅವರ ಕೋಚ್ ಒಟಿಯೆನೊ. ಅದೊಂದಕ್ಕೇ ನಾನು ಅವರಿಗೆ ಆಜನ್ಮ ಋಣಿ.

ಇನ್ನು ನಮ್ಮ ಕನ್ನಡ ಸಂಘ. ನಮ್ಮವರಿಗೆ ಸನ್ಮಾನವೆಂಬುದು ಊಟವಾದ ಮೇಲಿನ ಬಾಳೆಹಣ್ಣಿನಷ್ಟೇ ಅನಿವಾರ್ಯ. ಮೊದಲು ಶಾಲು ಕೊಂಡು, ಆಮೇಲೆ ಹೊದಿಸಲು ಹೆಗಲು ಹುಡುಕುತ್ತೇವೆ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ನಮ್ಮ ಅಧ್ಯಕ್ಷರು, ರಾಯರು, ಪಂದ್ಯಗಳು ಶುರುವಾಗುವ ಮೊದಲೇ ರಾಜ್ಯೋತ್ಸವದ ವೇದಿಕೆಯಲ್ಲಿ ಅನಿರುದ್ಧನಿಗೆ ಶಾಲು, ಹಾರ, ಮೈಸೂರು ಪೇಟ ಎಂದು ಘೋಷಿಸಿಬಿಟ್ಟರು. ಬಿನ್ನವತ್ತಳೆ ಬರೆಯುವ ಕೆಲಸವೂ ನನಗೇ ಬಿತ್ತು. ಹೆತ್ತವಳೆಂಬ ಸಂಕೋಚವನ್ನು ಕ್ಷಣಾರ್ಧದಲ್ಲಿ ಜಯಿಸಿ, ‘ಕ್ರೀಡಾಗಗನದ ಬಾಲಭಾಸ್ಕರ’ ಎಂದು ಆರಂಭಿಸಿಯೂ ಇದ್ದೆ.

ತಂಡ ಸೋಲತೊಡಗಿತು, ಸೋಲು ಸೋಲಿಗೂ ಸನ್ಮಾನದ ಒಂದೊಂದು ಅಂಗ ಕಳಚತೊಡಗಿತು. ಮೊದಲು ಪೇಟ ಹೋಯಿತು, ಅಳತೆಯದು ಸಿಗಲಿಲ್ಲವಂತೆ. ಆಮೇಲೆ ಹಾರದ ಸುದ್ದಿ ನಿಂತಿತು. ಕಳೆದ ಶನಿವಾರ ಸಂಜೆ ರಾಯರೇ ಮನೆಗೆ ಬಂದು, ಉಪ್ಪಿಟ್ಟಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ದನಿ ತಗ್ಗಿಸಿ ಹೇಳಿದರು: “ನೋಡೀಮ್ಮಾ, ಎಲ್ಲಾ ಮ್ಯಾಚೂ ಸೋತಿರೋವಾಗ ಶಾಲು ಹೊದ್ಸಿದ್ರೆ ಆಡಿಯನ್ಸಿಗೆ ಹೇಗನ್ಸುತ್ತೆ? ಮಕ್ಕಳ ಛದ್ಮವೇಷಕ್ಕೆ ಸಮಾಧಾನಕರ ಬಹುಮಾನ ಕೊಡ್ತೀವಲ್ಲ, ಆಗ ಇವನನ್ನೂ ಸ್ಟೇಜಿಗೆ ಕರೆದು ಒಂದು ಡಬ್ಬಿ ಕೊಟ್ಬಿಡೋಣ. ನ್ಗಾರಾ ಮಾರ್ಕೆಟ್ಟಿಂದ ತರಿಸಿದೀನಿ, ಒಳ್ಳೇ ದಪ್ಪ ಸ್ಟೀಲು.”

ಕಾಗದದ ಕಿರೀಟ ಜಾರಿ ಕಣ್ಣಿಗೆ ಬಿದ್ದ ಕೃಷ್ಣರು, ಮಾತು ಮರೆತು ಅತ್ತ ಪುಟಾಣಿ ರಾಣಿಯರು, ಅವರ ಸಾಲಿನ ಕೊನೆಗೆ ಆರಡಿ ಎತ್ತರದ ನನ್ನ ಮಗ, ಕೈಯಲ್ಲೊಂದು ಡಬ್ಬಿ! ನನ್ನ ಮೈಯೆಲ್ಲ ಉರಿದುಹೋಯಿತು. ಸೋತದ್ದಕ್ಕೆ ಬೈದಿದ್ದರೆ ಸಹಿಸುತ್ತಿದ್ದೆ. ಈ ಕನಿಕರವನ್ನು ಸಹಿಸುವುದು ಹೇಗೆ? ಆದರೆ ಬಾಯಿಂದ ಬಂದದ್ದು ಮಾತ್ರ, “ಆಗಲಿ ರಾಯರೇ, ಇನ್ನೊಂದು ಚೂರು ಉಪ್ಪಿಟ್ಟು ಹಾಕಲೇ?” ಎಂಬ ಮಾತು. ನನ್ನ ಕ್ರೋಧಾಗ್ನಿಯ ಪರಮಾವಧಿ ಎಂದರೆ ಬಡಿಸುವ ಸೌಟನ್ನು ಸ್ವಲ್ಪ ಜೋರಾಗಿ ಕುಕ್ಕುವುದು. ರಾಯರು ಅದನ್ನು ಉಪಚಾರವೆಂದೇ ತಿಳಿದು ಎರಡನೆಯ ಸಲ ಹಾಕಿಸಿಕೊಂಡರು.

ಮರುದಿನ ಕಸರಾನಿಯ ಕಡೆಯ ಮೈದಾನವೊಂದರಲ್ಲಿ ಕೊನೆಯ ಪಂದ್ಯ. ಬೆಳಿಗ್ಗೆ ಸುರಿದ ಮಳೆಗೆ ನೆಲವೆಲ್ಲ ರಾಡಿ. ಅರ್ಧ ಆಟ ಮುಗಿಯುವಷ್ಟರಲ್ಲೇ ನಮ್ಮವರ ಸ್ಥಿತಿ ಎಷ್ಟು ಶೋಚನೀಯವಾಗಿತ್ತೆಂದರೆ, ಎದುರು ತಂಡದ ಕೋಚ್ ತಾವಾಗಿಯೇ ಬಂದು, ಗಡಿಯಾರವನ್ನು ಎಲ್ಲೂ ನಿಲ್ಲಿಸದೆ ಓಡಿಸಿ ಆಟವನ್ನು ಬೇಗ ಮುಗಿಸೋಣವೇ ಎಂದು ಕೇಳಿದರು. ಒಳ್ಳೆಯ ಮನುಷ್ಯ, ದನಿಯೂ ಮೆತ್ತಗಿತ್ತು. ಒಟಿಯೆನೊ ಹುಡುಗರ ಕಡೆ ತಿರುಗಿದರು. ಅನಿರುದ್ಧ ಬಾಯಲ್ಲಿದ್ದ ಹಲ್ಲಿನ ಕವಚವನ್ನು ಕೈಗೆ ತೆಗೆದುಕೊಂಡು, “ನೋ ಕೋಚ್. ಫುಲ್ ಗೇಮ್” ಎಂದ. ಉಳಿದವರು ಆಗಲೇ ಹೆಲ್ಮೆಟ್ ಏರಿಸುತ್ತಿದ್ದರು.

ಆಮೇಲೆ ಗೆದ್ದರೆಂದು ಊಹಿಸಬೇಡಿ. ಇನ್ನಷ್ಟು ಹೀನಾಯವಾಗಿ ಸೋತರು. ಆದರೆ ಪ್ರತಿ ಸಲವೂ ನನ್ನ ಮಗ ಕೆಸರಿನಿಂದೆದ್ದು, ಕುಂಟುತ್ತ ಬಂದು, ಮತ್ತೆ ಬಗ್ಗಿ ಚೆಂಡಿನ ಮೇಲೆ ಕೈಯಿಡುತ್ತಿದ್ದ. ನೋಡುತ್ತಿದ್ದ ನನಗೆ ಅಳು ಬರಲಿಲ್ಲ. ಶನಿವಾರ ಸಂಜೆ ನುಂಗಿದ್ದ ಸಿಟ್ಟು ಮಾತ್ರ ಮತ್ತೆ ಗಂಟಲಿಗೆ ಬಂತು.

ಆಟ ಮುಗಿದು ಕಾರಿನ ಹತ್ತಿರ ನಿಂತಿದ್ದಾಗ ರಾಯರ ಫೋನು. “ಮ್ಯಾಚು... ಹೋಗ್ಲಿ ಬಿಡೀಮ್ಮಾ. ನಾಳೆ ಡಬ್ಬಿ ಮೇಲೆ ಹೆಸರು ಕೊರೆಸ್ತಿದೀವಿ. ಕನ್ನಡದಲ್ಲಾ, ಇಂಗ್ಲಿಷಲ್ಲಾ?”

“ಡಬ್ಬಿ ಬೇಡ ರಾಯರೇ. ಅವನು ಬರಲ್ಲ.”

“ಅಯ್ಯೋ, ಬೇಜಾರಾಯ್ತೇನಮ್ಮಾ?”

ಇಂಥ ಪ್ರಶ್ನೆಗೆ ‘ಛೆ ಛೆ, ಹಾಗೇನಿಲ್ಲ’ ಎನ್ನುವುದು ನಮ್ಮಲ್ಲಿ ತಲೆತಲಾಂತರದ ಪದ್ಧತಿ. “ಬೇಜಾರಲ್ಲ, ಸಿಟ್ಟು ಬಂದಿದೆ” ಎಂದೆ. ರಾಯರು “ಸರಿ ಸರಿ” ಎಂದು ಫೋನ್ ಇಟ್ಟುಬಿಟ್ಟರು.

ಅನಿರುದ್ಧ ಕೆಸರಿನ ಬೂಟನ್ನು ಕಳಚುತ್ತ ನನ್ನ ಮುಖವನ್ನೇ ನೋಡುತ್ತಿದ್ದ. “ಹೂ ವಾಸ್ ದಟ್, ಅಮ್ಮಾ?”

“ಆಟ ಬೇಗ ಮುಗಿಸೋಣವಾ ಅಂತ ಕೇಳಿದ್ರು ಕಣೋ. ಬೇಡ ಅಂದೆ.”