ಬುಧವಾರದ ಖಾಲಿ ಮನೆ

ಫೋರ್ಟ್ ಪೋರ್ಟಲ್‌ನ ನಮ್ಮ ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆಗೆಂದು ಇದ್ದವಳು ಕುನಿಹಿರ ಒಬ್ಬಳೇ. ಬಂದವರ ಹೆಸರು ಬರೆದು ಅವಳ ಕೋಣೆಗೆ ಕಳಿಸುವ ಕೆಲಸ ನನ್ನದು. ತೊದಲುವವರು, ಸೀಳುತುಟಿ ಹೊಲಿಸಿಕೊಂಡ ಮಕ್ಕಳು, ಲಕ್ವ ಹೊಡೆದು ಮಾತು ನಿಂತವರು, ಎಲ್ಲರೂ ದೂರದೂರದಿಂದ ಮೊದಲ ವ್ಯಾನು ಹಿಡಿದು ಬರುತ್ತಿದ್ದರು. ಯಾರನ್ನೂ ಅವಳು ಹಿಂದಕ್ಕೆ ಕಳಿಸಿದವಳಲ್ಲ.

"ಪಾಪ, ಅಷ್ಟು ದೂರದಿಂದ ಬಂದಿದಾರೆ. ಇವರೊಬ್ಬರನ್ನ ಬರ್ಕೊಂಬಿಡು ಅಮೋತಿ" ಅನ್ನುತ್ತಿದ್ದಳು.

ನಮ್ಮ ಟೋರೊ ಜನರಲ್ಲಿ ಬರೀ ಹೆಸರು ಹಿಡಿದು ಕೂಗುವುದು ಒರಟುತನ. ಹುಟ್ಟಿದಾಗ ಇಟ್ಟ ಮುದ್ದಿನ ಹೆಸರಿನಿಂದಲೇ ಮಾತಾಡಿಸುತ್ತೇವೆ. ನನ್ನದು ಅಮೋತಿ, ಅವಳದು ಅತ್ವೋಕಿ. ಅವಳ ಊಟದ ಡಬ್ಬಿ ತೆರೆಯದೆಯೇ ಮನೆಗೆ ಹೋಗುತ್ತಿತ್ತು. ಬರೆಯದೆ ಉಳಿದ ವರದಿಗಳನ್ನು ಚೀಲಕ್ಕೆ ತುಂಬಿಕೊಂಡು ಭಾನುವಾರವೂ ಬರೆಯುತ್ತಿದ್ದಳು.

ಮಾರ್ಚ್‌ನಲ್ಲಿ ರುಸೋಕೆ ಮೇಷ್ಟ್ರು ಬಂದರು. ಮೂವತ್ತು ವರ್ಷ ಹೆಡ್‌ಮಾಸ್ಟರ್ ಆಗಿದ್ದವರು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಬಾಯಲ್ಲಿ "ಇಲ್ಲ" ಎಂಬ ಒಂದೇ ಮಾತು ಉಳಿದಿತ್ತು. ಚಹಾ ಬೇಕಾದರೂ ಇಲ್ಲ, ಬೇಡವಾದರೂ ಇಲ್ಲ.

"ಮದುವೆ ಆದಾಗಿಂದ್ಲೂ ಇವರು ಅದನ್ನೇ ಹೇಳ್ತಿದ್ದಿದ್ದು ಬಿಡು. ನನಗೇನೂ ವ್ಯತ್ಯಾಸ ಕಾಣ್ತಿಲ್ಲ" ಎಂದು ಹೆಂಡತಿ ನಗಿಸುತ್ತಿದ್ದರು.

ಜೂನ್‌ನಲ್ಲಿ ಒಂದು ದಿನ ಆ ಹೆಂಡತಿಯೇ ಹೊರಗೆ ಬಂದು ನನ್ನನ್ನು ಕರೆದರು. ಒಳಗೆ ಹೋದರೆ, ಮೇಷ್ಟ್ರಿಂದ ಹೆಸರು ಹೇಳಿಸಲು ತೋರಿಸುತ್ತಿದ್ದ ಕೋಳಿಯ ಚಿತ್ರ ಕೈಯಲ್ಲಿ ಹಿಡಿದಂತೆಯೇ ಕುನಿಹಿರ ಕುರ್ಚಿಯಲ್ಲಿ ನಿದ್ದೆಹೋಗಿದ್ದಳು. ಎಬ್ಬಿಸಲು ಹೋದೆ. ಮೇಷ್ಟ್ರು ಎಡಗೈ ಎತ್ತಿ ತಡೆದರು. ಇಪ್ಪತ್ತು ನಿಮಿಷ ಅವಳನ್ನು ಕಾದೆವು. ಎಚ್ಚರವಾದಾಗ ನಾಚಿಕೆಯಿಂದ ಅತ್ತೇಬಿಟ್ಟಳು.

ಮೇಷ್ಟ್ರು ನನ್ನ ಕೈಲಿದ್ದ ಹೆಸರಿನ ಪುಸ್ತಕ ಎಳೆದುಕೊಂಡು ಆ ದಿನದ ಹೆಸರುಗಳ ಮೇಲೆ ಬೆರಳಾಡಿಸಿದರು. ಹತ್ತೊಂಬತ್ತು.

"ಇಲ್ಲ" ಎಂದರು.

"ನಾನೇನ್ಮಾಡ್ಲಿ ಮೇಷ್ಟ್ರೇ? ಬಂದವರನ್ನ ಹೋಗಿ ಅನ್ಲಾ?" ಎಂದಳು ಕುನಿಹಿರ.

ಅವರು ಪೆನ್ಸಿಲಿಗಾಗಿ ಕೈ ಚಾಚಿದರು. ಎಡಗೈಯಲ್ಲಿ ಸೊಟ್ಟಸೊಟ್ಟಗೆ ಗೆರೆ ಎಳೆದು ಐದು ದಿನದ ವೇಳಾಪಟ್ಟಿಗೆ ಮನೆಗಳನ್ನು ಹಾಕಿದರು. ಪ್ರತಿ ಮಧ್ಯಾಹ್ನದ ಮನೆಯಲ್ಲಿ ಒಂದು ತಟ್ಟೆ. ಗುರುವಾರದ ಮನೆಯಲ್ಲಿ ದೊಡ್ಡ ತಲೆ, ಪಕ್ಕಕ್ಕೊಂದು ಚಿಕ್ಕ ತಲೆ, ಹೀಗೆ ಆರು ಜೋಡಿ.

"ತಾಯಂದಿರನ್ನೂ ಮಕ್ಕಳನ್ನೂ ಒಟ್ಟಿಗೆ ಕೂರಿಸ್ಬೇಕಾ?"

ಮೇಷ್ಟ್ರು ತಲೆಯಾಡಿಸಿದರು. ಶುಕ್ರವಾರ ಮಧ್ಯಾಹ್ನಕ್ಕೆ ವರದಿಯ ಕಾಗದದ ಚಿತ್ರ ಬರೆದರು. ಬುಧವಾರ ಎರಡರ ನಂತರದ ಮನೆ ಖಾಲಿ ಉಳಿಯಿತು. ಕುನಿಹಿರ ಅಲ್ಲಿ 'ಹೊಸಬರು' ಎಂದು ಬರೆಯಲು ಹೋದಳು. ಅವರು ಪೆನ್ಸಿಲ್ ಕಿತ್ತುಕೊಂಡರು.

"ಮತ್ತೆ ಅಲ್ಲೇನು? ಹೇಳಿ, ನಿಧಾನಕ್ಕೆ ಹೇಳಿ."

ಅವರ ತುಟಿ ನಡುಗಿತು, ಕುತ್ತಿಗೆಯ ನರ ಉಬ್ಬಿತು. ಬಹಳ ಹೊತ್ತು ಒದ್ದಾಡಿ, "ಮ... ಮನೆ" ಎಂದರು.

ಸದಾ ನಗಿಸುತ್ತಿದ್ದ ಹೆಂಡತಿ ಮೇಲುಹೊದಿಕೆಯಲ್ಲಿ ಮುಖ ಮುಚ್ಚಿಕೊಂಡರು.

ಪಟ್ಟಿ ಗೋಡೆಗೇರಿದ ಮರುವಾರವೇ ಜಗಳ. ಮಗುವನ್ನೆತ್ತಿಕೊಂಡು ಬಂದ ಒಬ್ಬ ತಂದೆ, ಇವತ್ತಿನ ಪಟ್ಟಿ ತುಂಬಿದೆ ಎಂದದ್ದಕ್ಕೆ ನನ್ನ ಮೇಲೆ ಹರಿಹಾಯ್ದ. ಕುನಿಹಿರ ಹೊರಗೆ ಬಂದಳು.

"ಇವತ್ತು ನೋಡಿದ್ರೆ ಐದು ನಿಮಿಷ ಕೊಡಬಹುದು ಅಣ್ಣ. ಗುರುವಾರ ಬನ್ನಿ, ಪೂರ್ತಿ ಒಂದು ಗಂಟೆ ಮಗು ಜೊತೆ ಇರ್ತೀನಿ."

ಹೇಳುತ್ತಲೇ ನನ್ನ ಪುಸ್ತಕದಲ್ಲಿ ಗುರುವಾರಕ್ಕೆ ಮಗುವಿನ ಹೆಸರನ್ನು ತಾನೇ ಬರೆದಳು. ಅವನು ಗೊಣಗುತ್ತಲೇ ಹೋದ, ಗುರುವಾರ ಬಂದ. ಕೆಲವೇ ವಾರಗಳಲ್ಲಿ ಗುರುವಾರದ ತಾಯಿ-ಮಕ್ಕಳ ಗುಂಪಿಗೆ ತನ್ನದೇ ಜೀವ ಬಂತು. ಗರಿ ಊದಿಸಿ ಮಗಳ ಬಾಯಲ್ಲಿ 'ಪ' ಹೊರಡಿಸಿದ್ದ ಒಬ್ಬ ತಾಯಿ ಉಳಿದವರಿಗೆ ಅದನ್ನು ಕಲಿಸುತ್ತಿದ್ದಳು. ಕುನಿಹಿರ ಕೈಕಟ್ಟಿ ನೋಡುತ್ತ ಕೂತಿದ್ದಳು.

ಖಾಲಿ ಬುಧವಾರ ಮಾತ್ರ ಸುಲಭಕ್ಕೆ ಒಗ್ಗಲಿಲ್ಲ. ಮೊದಲ ವಾರ ಮೂರು ಗಂಟೆಗೇ ಆಸ್ಪತ್ರೆಗೆ ಮರಳಿದಳು.

"ಏನೇ ಅತ್ವೋಕಿ, ದಾರಿ ತಪ್ಪಿತಾ? ನಡಿ ಮನೆಗೆ!" ಎಂದು ಗೇಟಿನಿಂದಲೇ ಓಡಿಸಿದೆ.

ಈಗಲೂ ಕೆಲವು ಶುಕ್ರವಾರ ವರದಿಗಳು ಮುಗಿಯುವುದಿಲ್ಲ. ಆದರೆ ಅವು ಮೇಜಿನ ಮೇಲೆಯೇ ಉಳಿಯುತ್ತವೆ. ಬುಧವಾರಗಳಲ್ಲಿ ಅವಳು ಹಿತ್ತಲಿನಲ್ಲಿ ಹುರುಳಿಕಾಯಿ ಬೆಳೆಯುತ್ತಾಳೆ. ಮೊನ್ನೆ ಒಂದು ಮೊರ ಕಾಯಿ ತಂದು ನನ್ನ ಮೇಜಿನ ಮೇಲೆ ಸುರಿದು, "ನಾರು ತೆಗಿ, ಜೊತೆಗೆ ಕೂತು ಮಾತಾಡೋಣ" ಎಂದಳು.