ಎಡಗಣ್ಣು ತೆರೆದ ಮೇಲೆ

ರೈಫಲ್ಲಿನಲ್ಲಿ ನನ್ನ ಗುರಿ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಆದರೂ ಪಿಸ್ತೂಲು ಕಲಿಯಲು ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಬೇಕು ಅಂತ ಠಾಣೆಗೆ ಸುದ್ದಿ ಬಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನೇ. ಸಿಂದಗಿಯಲ್ಲಿ ಬಸ್ ಹತ್ತಿ ಬಾಗೇವಾಡಿಯಲ್ಲಿ ಇಳಿಯುವತನಕ ಖುಷಿಗೆ ಸೀಟಿನಲ್ಲಿ ನೆಟ್ಟಗೆ ಕೂಡಲಾಗಲಿಲ್ಲ.

ಊರಾಚೆ, ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಯೊಳಗೆ ಅಭ್ಯಾಸ. ಎತ್ತರದ ಮಣ್ಣಿನ ದಿಬ್ಬ, ಅದರ ಮುಂದೆ ಸಾಲಾಗಿ ಕಾಗದದ ಟಾರ್ಗೆಟ್ಟುಗಳು, ಯಾರೂ ಒಳಗೆ ಬರದಿರಲೆಂದು ಬದಿಗೆ ನೆಟ್ಟ ಕೆಂಪು ಬಾವುಟ. ಕಲಿಸುವವರು ಮುದ್ದೇಬಿಹಾಳ ಕಡೆಯ ಹೆಡ್ ಕಾನ್‌ಸ್ಟೆಬಲ್ ಮೇಡಂ. ನಿವೃತ್ತಿಗೆ ಹತ್ತಿರ ಬಂದಿದ್ದರೂ ಅವರ ದನಿ ಕ್ವಾರಿಯ ಆ ಬದಿಗೆ ಬಡಿದು ವಾಪಸ್ ಬರುತ್ತಿತ್ತು.

ಬೇರೆ ಠಾಣೆಗಳಿಂದ ಬಂದವರ ಸಾಲಿನಲ್ಲಿ ನಿಂತು ನಾನು ಎಡಗಣ್ಣು ಗಟ್ಟಿಯಾಗಿ ಮುಚ್ಚಿ ಹೊಡೆದೆ. ದಿಬ್ಬದ ಮಣ್ಣು ಹಾರಿತು, ಕಾಗದ ಹಾಗೇ ನಿಂತಿತ್ತು.

“ಲಿಂಬಿಹಣ್ಣು ತಿಂದಂಗ ಮಾರಿ ಯಾಕ ಕಿವುಚತೀಯವಾ? ಎರಡೂ ಕಣ್ಣು ತಗಿ!” ಅಂದರು ಮೇಡಂ.

ತೆಗೆದೆ. ಕೈಯಲ್ಲಿದ್ದ ಒಂದು ಪಿಸ್ತೂಲು ಎರಡಾಯಿತು.

“ಎರಡೆರಡು ಕಾಣಾಕತ್ತಾವ್ರಿ ಮೇಡಂ. ಯಾವುದನ್ನ ನಂಬಲಿ?”

ಪಿಸ್ತೂಲು ಕೆಳಗಿಡಿಸಿದರು. ಎರಡೂ ಅಂಗೈ ಮುಂದೆ ಚಾಚಿ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಗುಡ್ಡದ ಮೇಲಿನ, ಕರೆಂಟು ತೆಗೆಯುವ ಗಾಳಿ ಫ್ಯಾನನ್ನು ಅದರೊಳಗಿಂದ ನೋಡಲು ಹೇಳಿದರು. ಬಲಗಣ್ಣು ಮುಚ್ಚಿದೆ, ಫ್ಯಾನು ಅಲ್ಲೇ ಇತ್ತು. ಎಡಗಣ್ಣು ಮುಚ್ಚಿದೆ, ಮಾಯ!

“ನಿಂದು ಎಡಗಣ್ಣು ಜೋರ ಐತಿ ತಂಗಿ. ಇಷ್ಟ ದಿನ ಕೆಲಸ ಮಾಡೂ ಕಣ್ಣ ಮುಚ್ಚಿ ಹೊಡ್ಯಾಕತ್ತಿದ್ದಿ!”

ನನ್ನ ಗದ್ದ ಹಿಡಿದು ಕೊಂಚ ಬಲಕ್ಕೆ ತಿರುಗಿಸಿದರು. “ಪಿಸ್ತೂಲು ಬಲಗೈಯಾಗ ಇರ್ಲಿ, ಎಡಗಣ್ಣಿನ ಮುಂದ ತಾ. ಅದರ ತುದಿ ಮ್ಯಾಲಿನ ಉಬ್ಬು ಅಷ್ಟ ನೋಡು. ಟಾರ್ಗೆಟ್ ಮಸಕ ಕಂಡರ ಕಾಣಲಿ.”

ಮೊದಲ ಗುಂಡು ಕಾಗದದ ಅಂಚು ಹರಿಯಿತು. ಮುಂದಿನದು ಕಪ್ಪು ವೃತ್ತದೊಳಗೆ! ನನಗೇ ನಂಬಿಕೆಯಾಗದೆ ಜೋರಾಗಿ ನಕ್ಕುಬಿಟ್ಟೆ. ಮತ್ತೆ ಗುರಿ ಹಿಡಿದೆ. ಬೆರಳು ಒತ್ತುವಷ್ಟರಲ್ಲಿ ಎಡಗಡೆ ದಿಬ್ಬದ ಅಂಚಿನಲ್ಲಿ ಏನೋ ಬೆಳ್ಳಗೆ ಅಲುಗಿತು. ಕುರಿಮರಿ. ಅದರ ಬೆನ್ನಿಗೇ ಓಡಿಬರುತ್ತಿದ್ದ ಒಬ್ಬ ಮನುಷ್ಯ.

“ಸ್ಟಾಪ್! ಮನಷ್ಯಾ ಬಂದಾನ್ರಿ!” ಕಿರುಚಿದೆ. ಟ್ರಿಗರ್‌ನಿಂದ ಬೆರಳು ತೆಗೆದು ಪಿಸ್ತೂಲನ್ನು ನೆಲಕ್ಕೆ ತಿರುಗಿಸಿದೆ. ಮೇಡಂ ಸೀಟಿ ಊದಿದರು. ಸಾಲಿನಲ್ಲಿದ್ದವರೆಲ್ಲ ಕೈ ತಡೆದರು.

ಕುರಿಗಾರ ಮರಿಯನ್ನು ಎದೆಗವಚಿಕೊಂಡು ನಿಂತಿದ್ದ. “ತಪ್ಪಾತ್ರಿ. ಮರಿ ಮ್ಯಾಲ ಕಣ್ಣಿತ್ತು, ಕೆಂಪ ಬಾವುಟಾ ನೋಡಲಿಲ್ರಿ.” ಮೇಡಂ ಅವನಿಗೆ ಬಯ್ದರು. ಬಯ್ದು ಮುಗಿದ ಮೇಲೆ ಕೂಡಿಸಿ ನೀರು ಕೊಟ್ಟರು.

ನಾನು ಪಿಸ್ತೂಲು ಖಾಲಿ ಮಾಡಿ ಕೆಳಗಿಟ್ಟೆ. ಮೇಡಂ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಎಡಗಣ್ಣು ಮುಚ್ಚಿದ್ದರ ಆ ಬದಿ ನಿನಗ ಕಾಣತಿತ್ತೇನು?”

“ಇಲ್ರಿ.”

“ಮೊದಲ ಉಂಡು ಬಾ. ಆಮ್ಯಾಲ ಹೊಡಿ.”

ಊಟದ ನಂತರ ಹೊಡೆದ ಗುಂಡುಗಳ ತೂತು ಎಷ್ಟು ಒತ್ತೊತ್ತಾಗಿ ಬಿದ್ದವೆಂದರೆ, ಮೇಡಂ ಒಂದೇ ಅಂಗೈಯಿಂದ ಎಲ್ಲ ಮುಚ್ಚಿ ತೋರಿಸಿದರು. ಕಾಗದ ಬಿಚ್ಚಿ ನನಗೇ ಕೊಟ್ಟರು.

ಅದೇ ಸಂಜೆ ನಮ್ಮೂರು ಕನ್ನೊಳ್ಳಿಯ ಮನೆಯಲ್ಲಿ ಅದನ್ನು ನೆಲದ ಮೇಲೆ ಹಾಸಿದೆ. ಅವ್ವ ತೂತುಗಳ ಮೇಲೆ ಬೆರಳಾಡಿಸಿ, “ಇದು ನೀನ ಹೊಡದದ್ದೇನು?” ಅಂದಳು.

“ನಾನ ಬೇ!” ಅಂದೆ. ಅವಳು ಕೇಳದಿದ್ದರೂ ಸಿಂದಗಿಯಲ್ಲಿ ಬಸ್ ಹತ್ತಿದಲ್ಲಿಂದ ಎಲ್ಲವನ್ನೂ ಹೇಳತೊಡಗಿದೆ.